ಎಲ್ಲರಿಗೂ ಒಂದೇ ಮಜ್ಜಿಗೆ

ಗಂಗಮ್ಮ, ನಿಮ್ಮ ದೂರು ನಿಜವಾಗಿತ್ತು. ನಾನು ಅದನ್ನು ಕಣ್ಣಾರೆ ಕಂಡೆ. ಕಂಡೂ ಸುಳ್ಳೆಂದು ಹೇಳಿದೆ.

ನೀವು ನನ್ನನ್ನು ಮರೆತಿರಲಿಕ್ಕಿಲ್ಲ. ರಾಯದುರ್ಗದ ಆ ಆಶ್ರಮಕ್ಕೆ ವಿಚಾರಣೆಗೆಂದು ಜೀಪಿನಲ್ಲಿ ಬಂದ ಅಧಿಕಾರಿ ನಾನು. ಬುದ್ಧಿ ಬೆಳೆಯದವರನ್ನೂ ಮನಸ್ಸು ಕೆಟ್ಟವರನ್ನೂ ಇಟ್ಟುಕೊಂಡು ನೋಡಿಕೊಳ್ಳುವ ಜಾಗ ಅದು. ಮೂರ್ಛೆ ಬರುತ್ತಿದ್ದ ನಿಮ್ಮ ತಮ್ಮ ತಿಪ್ಪೇಶ ಅಲ್ಲಿದ್ದ. ಬೊಮ್ಮನಹಾಳಿನಿಂದ ಕೂಲಿ ಬಿಟ್ಟು ಬಂದು ಅವನ ಗುಳಿಗೆ ಕೊಟ್ಟು ಹೋಗುತ್ತಿದ್ದಿರಿ. ಆ ಗುಳಿಗೆ ಅವನ ಹೊಟ್ಟೆ ಸೇರುತ್ತಿಲ್ಲ, ಮತ್ತೆ ಮತ್ತೆ ಬೀಳುತ್ತಿದ್ದಾನೆ, ಬೇರೆ ಏನೋ ಕುಡಿಸಿ ಮಲಗಿಸುತ್ತಾರೆ — ಇಷ್ಟೇ ನಿಮ್ಮ ದೂರು.

ನಾನು ಹೋದಾಗ ಊಟದ ಹೊತ್ತು. ಮನೆಯವರು ತಂದುಕೊಟ್ಟ ಗುಳಿಗೆಗಳೆಲ್ಲ ಒಂದೇ ಡಬ್ಬಿಯಲ್ಲಿದ್ದವು. ಅಡುಗೆಯಾಕೆ ಅದರಿಂದ ಒಂದು ಹಿಡಿ ತೆಗೆದು, ಮೇಲೆ ನಿದ್ದೆಯ ಗುಳಿಗೆಯನ್ನೂ ಸೇರಿಸಿ, ಕಲ್ಲಿನಲ್ಲಿ ಅರೆದು ಮಜ್ಜಿಗೆಯ ಪಾತ್ರೆಗೆ ಸುರಿದಳು. ಎಲ್ಲರ ಲೋಟಕ್ಕೂ ಅದೇ ಮಜ್ಜಿಗೆ. ಆಶ್ರಮ ನಡೆಸುವ ಯಜಮಾನರಿಗೆ ನಾಚಿಕೆ ಹಾಗಿರಲಿ, ಹೆಮ್ಮೆಯೇ ಇತ್ತು.

“ನಮ್ಮಲ್ಲಿ ಪಂಕ್ತಿಭೇದ ಇಲ್ರಿ ಸಾರ್. ಊಟಕ್ಕೂ ಒಂದ, ಔಷಧಕ್ಕೂ ಒಂದ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರ ಪಾಪ ಅಲ್ಲೇನ್ರಿ?”

ಅದು ಕಪಟದ ಮಾತಾಗಿರಲಿಲ್ಲ. ಆ ಮನುಷ್ಯ ಅದನ್ನು ನಂಬಿದ್ದರು. ಆದರೆ ಒಬ್ಬರ ಔಷಧಿ ಇನ್ನೊಬ್ಬರ ಜೀವ ತೆಗೆಯಬಹುದೆಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಪಂಕ್ತಿಯ ಕೊನೆಗೆ ಕೈ ತೋರಿಸಿದರು.

“ನಿಮ್ಮ ಅಕ್ಕಾರೂ ಈಗ ಎಷ್ಟು ಸಮಾಧಾನದಾಗ ಅದಾರ, ನೋಡ್ರಿ.”

ಇದು ನಿಮಗೆ ಗೊತ್ತಿಲ್ಲ. ಅಲ್ಲಿ ಕೂತವಳು ನನ್ನ ಒಡಹುಟ್ಟಿದ ಅಕ್ಕ. ಮಡಕಶಿರದ ನಮ್ಮ ಮನೆಯಿಂದ ಸೀರೆ ಕಿತ್ತೆಸೆದು ಬೀದಿಗೆ ಓಡಿ, ಕಲ್ಲೇಟು ತಿಂದವಳು; ನಾನೇ ಅವಳನ್ನು ಅಲ್ಲಿ ತಂದು ಬಿಟ್ಟಿದ್ದೆ. ಅವಳು ಅಲ್ಲಿರುವುದನ್ನು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಈ ವಿಚಾರಣೆ ನನ್ನ ಪಾಲಿಗೆ ಬಂದಾಗಲೇ ಒಲ್ಲೆ ಎನ್ನಬೇಕಿತ್ತು. ಎನ್ನಲಿಲ್ಲ. ಆಶ್ರಮ ಮುಚ್ಚಿದರೆ ಅವಳು ಮತ್ತೆ ನನ್ನ ಮನೆಗೆ — ಮತ್ತೆ ಆ ಕಿರುಚಾಟ, ಹೆಂಡತಿಯ ಕಣ್ಣೀರು. ಅಕ್ಕ ನಿದ್ದೆಗಣ್ಣಿನಲ್ಲಿ ತೂಗುತ್ತಿದ್ದಳು, ತುಟಿಯ ಮೇಲೆ ಮಜ್ಜಿಗೆ. ಅವಳು ಹಾಗೇ ಇರುವುದು ನನಗೆ ಬೇಕಾಗಿತ್ತು. ಹೇಳಿಕೊಳ್ಳಲು ಅಸಹ್ಯವಾಗುತ್ತದೆ.

ನೀವು ಅಂಗಳದಲ್ಲಿ ಕಾಯುತ್ತಿದ್ದಿರಿ. ಹೊರಗೆ ಬಂದವನೇ ಎಲ್ಲರೆದುರು ಹೇಳಿಬಿಟ್ಟೆ: “ಇಲ್ಲೇನೂ ತಪ್ಪು ನಡೀತಿಲ್ಲ ಕಣಮ್ಮ. ನಿನ್ನ ತಮ್ಮಂಗೆ ಔಷ್ದಿ ಸರಿಯಾಗೇ ಕೊಡ್ತಾವ್ರೆ.”

ನೀವು ಹೋಗಿ ಯಜಮಾನರ ಕಾಲು ಹಿಡಿದಿರಿ. “ತಪ್ಪಾತ್ರಿ ಯಪ್ಪಾ, ತಿಳೀಲಾರದ ಅಂದೆ. ನನ್ನ ತಮ್ಮನ್ನ ಹೊರಗ ಹಾಕಬ್ಯಾಡ್ರಿ.” ನಾನು ಜೀಪು ಹತ್ತಿದೆ.

ಆ ಬೇಸಿಗೆ ಮುಗಿಯುವ ಮೊದಲೇ ತಿಪ್ಪೇಶನಿಗೆ ಮೂರ್ಛೆ ಬಂತು. ನಿಲ್ಲಲೇ ಇಲ್ಲ, ಅದರಲ್ಲೇ ಹೋದ. ಮಣ್ಣಿಗೆ ಬಂದಿದ್ದೆ — ಯಾಕೆ ಬಂದೆನೋ. ನೀವೇ ಹತ್ತಿರ ಬಂದು ಕೈಮುಗಿದಿರಿ.

“ಒಳ್ಳೇರ ಮ್ಯಾಲ ಇಲ್ಲದ್ದು ಹೇಳಿದ್ನಲ್ರಿ ಸಾರ್, ಆ ಪಾಪ ನನ್ನ ತಮ್ಮಗ ತಟ್ತು.”

ಆಗಲಾದರೂ — ಒಂದು ಮಾತು ಸಾಕಿತ್ತು. ನಾನು ತಲೆಯಾಡಿಸಿದೆ, ಹೌದೆನ್ನುವಂತೆ.

ಅಕ್ಕ ಇವತ್ತಿಗೂ ಅಲ್ಲೇ ಇದ್ದಾಳೆ. ನನ್ನ ಗುರುತು ಹತ್ತುವುದಿಲ್ಲ. ಅವಳನ್ನು ಕರೆತರುವ ಧೈರ್ಯ ನನಗೆ ಈಗಲೂ ಇಲ್ಲ. ನೀವು ಅಮಾವಾಸ್ಯೆಗೊಮ್ಮೆ ಬಂದು ಆಶ್ರಮದ ಅಂಗಳ ಗುಡಿಸಿ ಹೋಗುತ್ತೀರಿ, ತಪ್ಪುಕಾಣಿಕೆ ಎಂದು. ಹೋದ ಸಲ ದೂರದಿಂದ ನೋಡಿದೆ. ಬೆನ್ನು ಬಾಗಿದೆ ನಿಮ್ಮದು. ಗುಡಿಸಬೇಡಿ, ಗಂಗಮ್ಮ. ನೀವು ಯಾರ ಮೇಲೂ ಇಲ್ಲದ್ದು ಹೇಳಲಿಲ್ಲ. ಇದನ್ನು ನಿಮ್ಮೆದುರು ನಿಂತು ಹೇಳಬೇಕಿತ್ತು. ಕಾಗದದ ಮೇಲೆ ಬರೆಯುತ್ತಿದ್ದೇನೆ — ನಿಮಗೆ ಓದು ಬಾರದು ಎಂದು ಗೊತ್ತಿದ್ದೇ.