ಮೊಮ್ಮಗಳ ಗಾಡಿಯ ಕೆಂಪು ದೀಪ

ಕಾರಿನಲ್ಲಿ ಕೂತಾಗ ನನ್ನ ಬಲಗಾಲು ನನ್ನ ಮಾತು ಕೇಳುವುದಿಲ್ಲ. ಓಡಿಸುವವನು ಮಗ ಮಹೇಶ, ಬ್ರೇಕಿರುವುದು ಅವನ ಕಾಲ ಕೆಳಗೆ. ಆದರೂ ಎದುರಿಗೊಂದು ಬಸ್ಸು ಕಂಡರೆ ಸಾಕು, ಪಕ್ಕದಲ್ಲಿ ಕೂತ ನಾನು ಕಾಲಡಿಯ ಮ್ಯಾಟನ್ನು ಒತ್ತಿ ಹಿಡಿಯುತ್ತೇನೆ. "ತೂತು ಬೀಳುತ್ತೆ ಕಣಮ್ಮ" ಎನ್ನುತ್ತಾನೆ ಅವನು. ಬೀಳಲಿ. ಬಿದ್ದರೆ ಆ ತೂತಿನಲ್ಲಿ ಕಾಲು ಬಿಟ್ಟು ರಸ್ತೆಗೇ ಊರಿ ನಿಲ್ಲಿಸುತ್ತೇನೆ.

ಭಯ ನನಗೆ ಹೊಸದಲ್ಲ, ಆದರೆ ಅಜ್ಜಿಯಾದ ಮೇಲೆ ಅದಕ್ಕೆ ಬಡ್ತಿ ಸಿಕ್ಕಿದೆ. ಮಗಳು ಸುಜಾತಳಿಗೆ ಮದುವೆಯಾಗಿ ಬಹಳ ಕಾಲವಾಗಿತ್ತು. ನೆಂಟರು 'ಏನಾದ್ರೂ ವಿಶೇಷನಾ' ಎಂದು ಕೇಳುವುದನ್ನೂ ನಿಲ್ಲಿಸಿದ್ದರು. ಅಂಥವಳಿಗೆ ವಿಜಯನಗರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅಂಗೈಯಗಲದ ಮುಖ, ತಲೆ ತುಂಬ ಕೂದಲು. ಬ್ಯಾಡರಹಳ್ಳಿಯ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಸಕ್ಕರೆ ಕೊಟ್ಟೆ. ಮಾತು ಬಿಟ್ಟಿದ್ದ ಓರಗಿತ್ತಿಗೂ ಕೊಟ್ಟುಬಿಟ್ಟೆ. ಮಾತು ಬಿಟ್ಟಿದ್ದು ಆಮೇಲೆ ನೆನಪಾಯಿತು. ಮನೆಗೆ ಬಂದು ಕೂತೊಡನೆ ಭಯ ಹತ್ತಿತು. ಇಷ್ಟೊಂದು ಸಂತೋಷಕ್ಕೆ ಯಾರದಾದರೂ ಕಣ್ಣು ತಾಗಿದರೆ?

ಬಾಣಂತನ ತವರಿನಲ್ಲಿ. ಮಗು ಬರಬೇಕಾದದ್ದು ಮಹೇಶನ ಗಾಡಿಯಲ್ಲಿ. ಅಕ್ಕನ ಮಗುವನ್ನು ತಾನೇ ಕರೆತರಬೇಕೆಂದು ಅವನು ಹಳೆಯದೊಂದು ಎಸ್‌ಯುವಿ ಕೊಂಡಿದ್ದ. ಜೀಪಿನಂತೆ ಎತ್ತರದ, ಬೂದುಬಣ್ಣದ ಗಾಡಿ. ಯಾರು ಯಾರು ಓಡಿಸಿದ್ದರೋ, ಎಷ್ಟು ಜನರ ಕಣ್ಣು ಬಿದ್ದಿತ್ತೋ. ಕ್ಯಾಬು ಮಾಡೋಣವೆಂದರೆ ಸುಜಾತ ಒಪ್ಪಲಿಲ್ಲ. ತಮ್ಮನ ಗಾಡಿಯಲ್ಲೇ ಬರುತ್ತೇನೆ, ಇಲ್ಲದಿದ್ದರೆ ಆಸ್ಪತ್ರೆಯಲ್ಲೇ ಇರುತ್ತೇನೆ ಎಂದಳು. ಹಟ ನನ್ನಿಂದಲೇ ಹೋದದ್ದು, ಬೈಯುವಂತಿಲ್ಲ.

ಆ ಸಂಜೆ ಮಗುವಿಗೆಂದು ಬಜೆ ಬೇರಿನ ತುಂಡುಗಳನ್ನು ಕಪ್ಪು ದಾರಕ್ಕೆ ಪೋಣಿಸುತ್ತಿದ್ದೆ. ಬಜೆ ಬಹಳ ಗಟ್ಟಿ ಜೀವ. ತೇಯ್ದು ನೆಕ್ಕಿಸಿದರೆ ನಾಲಗೆ ಚುರುಕು, ದಾರದಲ್ಲಿ ಕಟ್ಟಿದರೆ ದೃಷ್ಟಿ ದೂರ. ನಮ್ಮ ಮನೆಯ ಮಕ್ಕಳೆಲ್ಲ ಅದನ್ನು ಕೈಗೂ ಕಾಲಿಗೂ ಕಟ್ಟಿಕೊಂಡೇ ಅಂಬೆಗಾಲಿಟ್ಟವು. ಒಂದು ದಪ್ಪ ತುಂಡು ಉಳಿಯಿತು. ಗಾಡಿಯ ನೆನಪಾಯಿತು. ಮಗುವಿಗಾದರೆ ಕಾಲಿಗೆ ಕಟ್ಟುತ್ತೇವೆ. ಗಾಡಿಯ ಕಾಲು ಯಾವುದು? ಚಕ್ರಕ್ಕೆ ಕಟ್ಟಿದರೆ ಮುಂದಿನ ತಿರುವಿಗೇ ಕಿತ್ತುಹೋಗುತ್ತದೆ. ಯೋಚಿಸಿದೆ. ನಿಲ್ಲುವುದಕ್ಕೆ ಬೇಕಾದದ್ದೇ ಕಾಲು, ಗಾಡಿ ನಿಲ್ಲುವುದು ಬ್ರೇಕಿನಿಂದ. ಡ್ರೈವರ್ ಬಾಗಿಲಲ್ಲಿ ಮಂಡಿಯೂರಿ, ಮಹೇಶನ ಚಪ್ಪಲಿ ತಾಗಬಾರದೆಂದು ಪೆಡಲಿನ ಕಡ್ಡಿಯ ಮೇಲ್ತುದಿಗೆ ಬಿಗಿಯಾಗಿ ಕಟ್ಟಿ ಬಂದೆ. ನಾಲ್ಕನೇ ಕ್ಲಾಸು ಓದಿದವಳ ಬುದ್ಧಿ ಇಷ್ಟಾದರೂ ಓಡಿತಲ್ಲ ಎಂದು ಹೆಮ್ಮೆಯಾಯಿತು.

ಬೆಳಗಿನ ನಸುಕಿನಲ್ಲಿ ರಂಗೋಲಿಗೆ ಬಂದರೆ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬೆಳಕು, ಕುಂಕುಮ ಚೆಲ್ಲಿದ ಹಾಗೆ. ಶುಭವೆಂದೇ ತಿಳಿದೆ. ಗಾಡಿಯ ಹಿಂದಿನ ದೀಪ ಎಣ್ಣೆ ತೀರಿದ ಹಣತೆಯಂತೆ ಉರಿಯುತ್ತಿತ್ತು. ಒಳಗೆ ಯಾರೂ ಇಲ್ಲ, ಬೀಗ ಹಾಕಿದೆ, ಆದರೂ ಬ್ರೇಕಿನ ದೀಪ ಉರಿಯುತ್ತಿದೆ. ಯಾರೂ ಇಲ್ಲದೆ ಬ್ರೇಕು ಒತ್ತಿದವರು ಯಾರು?

ಮಹೇಶ ಕೀ ತಿರುಗಿಸಿದರೆ ಗಾಡಿ ಟಕಟಕ ಎಂದಿತೇ ಹೊರತು ಏಳಲಿಲ್ಲ. ಪಕ್ಕದ ಮನೆಯ ಕಾರಿನಿಂದ ವೈರು ಎಳೆದು ಎಬ್ಬಿಸಿದ. ಸ್ಟೇರಿಂಗಿನ ಹಿಂದೆ ದೀಪಗಳು ಸಾಲಾಗಿ ಹತ್ತಿಕೊಂಡವು. ಇಂಗ್ಲಿಷ್ ಅಕ್ಷರ ನನಗೆ ಬಾರದು, ಆದರೆ ಒಂದು ಗುರುತು ಗೊತ್ತಾಯಿತು: ವೃತ್ತದೊಳಗೆ ನಿಂತ ಕಡ್ಡಿ, ಅದರ ಕೆಳಗೆ ಚುಕ್ಕಿ. 'ಅಯ್ಯೋ' ಎಂದು ಬರೆದ ಮೇಲೆ ಈ ಗುರುತು ಹಾಕಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಅದು ಬ್ರೇಕಿನ ಗುರುತು ಎಂದ ಮಹೇಶ. ಗಾಡಿಯೇ ಅಯ್ಯೋ ಎನ್ನುವಾಗ ನಾನು ಎನ್ನದಿರಲಾದೀತೆ? ಆಸ್ಪತ್ರೆಯವರು ನಾಳೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ನನ್ನ ಕಣ್ಣ ಮುಂದೆ ಸುಮನಹಳ್ಳಿ ಸೇತುವೆಯ ಇಳಿಜಾರು, ಮುಂದೊಂದು ಲಾರಿ, ನಿಲ್ಲದ ಗಾಡಿ, ಒಳಗೆ ಆ ಅಂಗೈಯಗಲದ ಮುಖ.

ಗ್ಯಾರೇಜಿಗೆ ನಾನೂ ಹೊರಟೆ. ಶ್ರೀಗಂಧದ ಕಾವಲಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ಅಂಗಡಿ. ಒಂದು ವೈರಿಂಗ್ ನೋಡುವ ಯೂಸುಫನದು, ಇನ್ನೊಂದು ಬ್ರೇಕು ನೋಡುವ ಶಿವಣ್ಣನದು. ತಲುಪುವಷ್ಟರಲ್ಲಿ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಯೂಸುಫ್ ಬ್ಯಾಟರಿಗೆ ಮೀಟರು ಹಚ್ಚಿ, ಫ್ಯೂಸುಗಳನ್ನೆಲ್ಲ ತೆಗೆದು ನೋಡಿ, ದೀಪ ರಾತ್ರಿಯೆಲ್ಲ ಉರಿದು ಬ್ಯಾಟರಿ ಬತ್ತಿದೆ, ಅದಕ್ಕೇ ಉಳಿದ ದೀಪಗಳೂ ಗಾಬರಿಯಾಗಿವೆ, ಆದರೆ ಮೂಲ ರೋಗ ಬ್ರೇಕಿನದು ಎಂದ. ಶಿವಣ್ಣ ಚಕ್ರ ಬಿಚ್ಚಿ, ಪ್ಯಾಡು ಚೆನ್ನಾಗಿದೆ, ಎಣ್ಣೆ ಸೋರಿಲ್ಲ, ರೋಗ ವೈರಿಂಗಿನದು ಎಂದ.

"ಗೋಡೆ ಕಟ್ಟಿದಾಗ್ಲಿಂದ ಇವ್ನದು ಇದೇ ಕಥೆ ಅಮ್ಮ" ಎಂದ ಯೂಸುಫ್. "ಅವ್ನಿಗೆ ತಿಳೀದಿದ್ದೆಲ್ಲ ವೈರಿಂಗು."

"ನಿಂಗೆ ತಿಳಿದಿದ್ರೆ ಗಾಡಿ ನನ್ ಹತ್ರ ಯಾಕ್ ಬರ್ತಿತ್ತು ಗುರು?" ಎಂದ ಶಿವಣ್ಣ.

ಅವರಿಗೆ ತಮಾಷೆ. ನನಗಲ್ಲ. ರೋಗ ಇಂಥದ್ದೆಂದು ಹೇಳಿದರೆ ಹೆದರಿಕೆಗೆ ಒಂದು ಅಳತೆ ಇರುತ್ತದೆ. ಎಲ್ಲವೂ ಚೆನ್ನಾಗಿದೆ ಆದರೂ ಸರಿಯಿಲ್ಲ ಎಂದರೆ ಎಲ್ಲಿಯ ತನಕ ಹೆದರಬೇಕು? ನಮ್ಮಪ್ಪ ಎತ್ತು ಕುಂಟಿದರೆ ಮೊದಲು ಎತ್ತನ್ನು ಮುಟ್ಟುತ್ತಿರಲಿಲ್ಲ. ನಿನ್ನೆಯಿಂದ ಇದಕ್ಕೆ ಹೊಸದಾಗಿ ಏನು ಮಾಡಿದಿರಿ ಎಂದು ಮನೆಯವರನ್ನು ಕೇಳುತ್ತಿದ್ದರು. ಅದನ್ನೇ ಶಿವಣ್ಣ ಈಗ ಮಹೇಶನನ್ನು ಕೇಳಿದ. ಮಹೇಶ ಏನೂ ಇಲ್ಲ ಎಂದ. ನಾನೂ ಏನೂ ಇಲ್ಲ ಎಂದು ತಲೆಯಾಡಿಸಿದೆ. ದೃಷ್ಟಿದಾರವನ್ನು ರಿಪೇರಿಯ ಲೆಕ್ಕಕ್ಕೆ ಯಾರು ಸೇರಿಸುತ್ತಾರೆ?

ಆಮೇಲೆ ಇಬ್ಬರೂ ಜೊತೆಯಾದರು. ಯೂಸುಫ್ ಹಿಂದೆ ನಿಂತು ದೀಪ ನೋಡಿದ. ಶಿವಣ್ಣ ಒಳಗೆ ಕೂತು ಪೆಡಲು ಒತ್ತುವ ಬದಲು ಅದರಡಿಗೆ ಹೆಬ್ಬೆರಳು ಹಾಕಿ ಮೇಲಕ್ಕೆತ್ತಿದ.

"ಆರ್ತು" ಎಂದ ಯೂಸುಫ್.

ಬೆರಳು ತೆಗೆದರೆ ಮತ್ತೆ ಹತ್ತಿತು. ಶಿವಣ್ಣ ಟಾರ್ಚು ಹಿಡಿದು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಹೊರಬಂದಾಗ ಅವನ ಕೈಯಲ್ಲಿ ಕಪ್ಪು ದಾರವಿತ್ತು, ದಾರದಲ್ಲಿ ನಜ್ಜುಗುಜ್ಜಾದ ನನ್ನ ಬಜೆ.

"ಇದೇನಣ್ಣ, ಬೇರು?" ಎಂದ ಯೂಸುಫ್.

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮಹೇಶ ನನ್ನ ಮುಖ ನೋಡಿದ. ಅವನಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

ಬೇರು ಪೆಡಲಿನ ಕಡ್ಡಿಗೂ ಅದರ ತಡೆಗೂ ನಡುವೆ ಸಿಕ್ಕಿಕೊಂಡು, ಪೆಡಲು ಪೂರ್ತಿ ಮೇಲೆ ಬಾರದಂತೆ ಮಾಡಿತ್ತಂತೆ. ಕಾಲು ತೆಗೆದರೂ ಬ್ರೇಕು ಚೂರು ಹಿಡಿದೇ ಇತ್ತು. ಅದಕ್ಕೇ ದೀಪ, ಅದಕ್ಕೇ ಬಿಸಿ. ಬ್ರೇಕು ಹಿಡಿಯದೆ ಹೋದರೆ ಎಂದು ನಾನು ಬೆಳಗಿನಿಂದ ಬೆವರಿದ್ದೆ. ಗಾಡಿಯ ಕಷ್ಟ ಹಿಡಿದ ಬ್ರೇಕು ಬಿಡುತ್ತಿಲ್ಲ ಎನ್ನುವುದು.

ಶಿವಣ್ಣ ನಗಲಿಲ್ಲ. ಹೀಗೇ ಬಿಟ್ಟಿದ್ದರೆ ಬ್ರೇಕು ಕಾದು ಕಾದು ನಿಜವಾಗಿಯೂ ಕೈಕೊಡುತ್ತಿತ್ತು ಎಂದ. ನಾನು ಅಲ್ಲೇ ಟೈರುಗಳ ಮೇಲೆ ಕೂತುಬಿಟ್ಟೆ. ಕಾಯಲೆಂದು ಕಟ್ಟಿದ್ದೇ ನನ್ನ ಕೂಸನ್ನು ಕೊಲ್ಲಬಹುದಿತ್ತು. ಅವನು ಬ್ರೇಕೆಣ್ಣೆ ಬದಲಿಸಿ, ಮಾಗಡಿ ರಸ್ತೆಯಲ್ಲಿ ಓಡಿಸಿ, ಚಕ್ರಗಳನ್ನು ನನ್ನ ಕೈಯಿಂದಲೇ ಮುಟ್ಟಿಸಿ, ಬೆಚ್ಚಗಿಲ್ಲ ತಾನೇ ಎಂದು ನನ್ನ ಬಾಯಿಂದಲೇ ಹೇಳಿಸಿದ. ಆಮೇಲೆ ದಾರವನ್ನು ಒಳಗಿನ ಕನ್ನಡಿಗೆ ಕಟ್ಟಿದ.

"ಇಲ್ಲಿರ್ಲಿ ಬಿಡಿ ಅಮ್ಮ. ಅದ್ಕೂ ರೋಡ್ ಕಾಣ್ಸುತ್ತೆ."

ಮರುದಿನ ಮಗು ಬಂತು. ಹಿಂದಿನ ಸೀಟಿನಲ್ಲಿ ಸುಜಾತಳ ಮಡಿಲಲ್ಲಿ ಮಗು, ಪಕ್ಕದಲ್ಲಿ ನಾನು. ಕಾಮಾಕ್ಷಿಪಾಳ್ಯ ದಾಟುವ ತನಕ ಉಸಿರು ಬಿಗಿಹಿಡಿದಿದ್ದೆ, ಸುಮನಹಳ್ಳಿ ಸೇತುವೆಯ ಮೇಲಂತೂ ನನ್ನ ಬಲಗಾಲು ಮಹೇಶನ ಸೀಟನ್ನೇ ಮುಂದಕ್ಕೆ ತಳ್ಳುತ್ತಿತ್ತು. ಮಗು ನನ್ನ ತೋರುಬೆರಳನ್ನು ಹಿಡಿದಿತ್ತು. ಅಷ್ಟು ಚಿಕ್ಕ ಮುಷ್ಟಿಗೆ ಅಷ್ಟು ಬಿಗಿ ಎಲ್ಲಿಂದ ಬರುತ್ತದೋ. ಸುಂಕದಕಟ್ಟೆಯ ಹತ್ತಿರ ಅದಕ್ಕೆ ನಿದ್ದೆ ಹತ್ತಿತು. ಮುಷ್ಟಿ ತಾನಾಗಿ ಸಡಿಲವಾಯಿತು, ಬೆರಳು ಬಿಟ್ಟಿತು. ಹುಟ್ಟಿ ವಾರವಾಗಿಲ್ಲ, ಬಿಡುವುದು ಆಗಲೇ ಬಂದಿದೆ.

ನಾನೂ ನಿಧಾನವಾಗಿ ಕಾಲು ಎತ್ತಿದೆ. ಮುಂದಿನ ಹಂಪು ಬರುವ ತನಕ.