ಗಡ್ಡದ ದನದ ಕರು

ಆಫ್ರಿಕಾಕ್ಕೆ ಅಪ್ಪನನ್ನು ಕರೆದುಕೊಂಡು ಹೋದದ್ದು ನನ್ನ ತಪ್ಪಲ್ಲ, ನನ್ನ ಹೆಂಡತಿಯದು. ಇಬ್ಬರಿಗೆಂದು ಬುಕ್ ಮಾಡಿಸಿದ್ದೆ. ಕೊನೆಗಳಿಗೆಯಲ್ಲಿ ಅವಳಿಗೆ ವಿಮಾನದ ಭಯ ಹಿಡಿಯಿತು. "ಮಾವನ್ನ ಕೇಳಿ ನೋಡಿ. ಹೆಂಗೂ ಒಪ್ಪಲ್ಲ ಬುಡಿ, ಕೇಳ್ದಂಗಾದ್ರೂ ಆಗುತ್ತೆ" ಅಂದಳು. ಅಪ್ಪ ಹುಳಿಯಾರಿನ ಹತ್ತಿರದ ಹಟ್ಟಿಯಲ್ಲಿ ಜೀವಮಾನವೆಲ್ಲ ಕುರಿ ಕಾದವನು. ಮೈಸೂರು ಝೂಗೆ ಕರೆದರೂ ಬಂದವನಲ್ಲ. ಇದಕ್ಕೆ ಮಾತ್ರ "ಯಾವತ್ತು ಹೊಂಡೋದು?" ಅಂದುಬಿಟ್ಟ.

ತಿಪಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ವರ್ಷಾನುಗಟ್ಟಲೆ ಮದುವೆ ಹೆಣ್ಣುಗಂಡುಗಳ ಮುಖಕ್ಕೆ ಲೈಟು ಹಿಡಿದು ಬೇಸತ್ತಿದ್ದೆ. ತನ್ನ ಪಾಡಿಗೆ ತಾನಿರುವ ಒಂದು ಸಿಂಹದ ಫೋಟೋ ತೆಗೆಯಬೇಕು, ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋ ಗೋಡೆಗೆ ಹಾಕಬೇಕು ಅನ್ನುವ ಹುಚ್ಚು. ಅದಕ್ಕೆಂದೇ ಮದುವೆ ಸೀಸನ್ನನ್ನೂ ಬಿಟ್ಟು ಫೆಬ್ರವರಿಯಲ್ಲಿ ಟಾಂಜಾನಿಯಾಕ್ಕೆ ಹೊರಟಿದ್ದು. ಕಾಡಿನಲ್ಲಿ ನಮಗೆ ಸಿಗುತ್ತಿದ್ದದ್ದು ಮೂರೇ ಬೆಳಗು.

ಮೊದಲ ಬೆಳಗನ್ನು ಅಪ್ಪ ಹುಲ್ಲು ನೋಡುವುದರಲ್ಲೇ ಕಳೆದ. ಹತ್ತು ಮಾರಿಗೊಮ್ಮೆ ಜೀಪು ನಿಲ್ಲಿಸು ಅನ್ನುವುದು, "ಬೋರನಕಣಿವೆ ಹಿನ್ನೀರಲ್ಲೂ ಇಂಥ ಹುಲ್ಲಿಲ್ಲ ಕಣ್ಲಾ, ಒಂದು ಕುರಿ ಇಲ್ವಲ್ಲೋ" ಅಂತ ಹೊಟ್ಟೆ ಉರಿದುಕೊಳ್ಳುವುದು. ಡ್ರೈವರಿಗೆ ಎಷ್ಟು ಆಡುಗಳಿವೆ ಕೇಳು, ಮಳೆಗಾಲದಲ್ಲಿ ಎಲ್ಲಿ ಕಟ್ಟುತ್ತಾನೆ ಕೇಳು ಅನ್ನುವುದು. ನಾನು ಇಂಗ್ಲಿಷಿಗೆ ತಿರುಗಿಸಿ ತಿರುಗಿಸಿ ಸುಸ್ತಾದೆ. ಆ ಡ್ರೈವರೂ ದನ ಸಾಕುವವರ ಮನೆಯವನೇ ಅಂತೆ. ಇಬ್ಬರೂ ನನ್ನನ್ನು ಮಧ್ಯೆ ಕೂರಿಸಿಕೊಂಡು ನೆಂಟರ ಹಾಗೆ ಹರಟಿದರು. ಡೇರೆಗೆ ವಾಪಸು ಬಂದಾಗ ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಎರಡು ಜಿರಾಫೆ.

ಎರಡನೆಯ ಬೆಳಗು ಇನ್ನೂ ಚೆನ್ನಾಗಿತ್ತು. ಚೀತಾ ಒಂದು ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ಜಿಂಕೆಮರಿಯ ಕಡೆ ಹೋಗುತ್ತಿತ್ತು. ಐದಾರು ಜೀಪುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ನಾನು ಫೋಕಸ್ ಮಾಡಿ ಬೆರಳಿಟ್ಟಿದ್ದೆ. ಅಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಅಪ್ಪ ಎದ್ದು ನಿಂತು, ಕಂಬಳಿ ಬೀಸುತ್ತಾ, "ಹೋಯ್! ಹಚ್ಚಾ! ಹಚ್ಚಾ!" ಅಂತ ಕಾಡೆಲ್ಲ ಕೇಳುವ ಹಾಗೆ ಕೂಗಿದ. ಚೀತಾ ಒಂದು ಕಡೆ ಓಡಿತು, ಜಿಂಕೆಗಳು ಇನ್ನೊಂದು ಕಡೆ. ಪಕ್ಕದ ಜೀಪಿನವರು ಬೈದದ್ದು ಯಾವ ಭಾಷೆಯೋ ಗೊತ್ತಿಲ್ಲ, ಅರ್ಥವಂತೂ ಆಯಿತು.

"ಬುದ್ಧಿ ಐತಾ ನಿಂಗೆ?" ಅಂದೆ.

"ಮರಿ ಮ್ಯಾಲೆ ಬೀಳಾಕೆ ಬಂದ್ರೆ ಸುಮ್ನೆ ಕುಂತಿರಕ್ಕಾಯ್ತದೇನ್ಲಾ? ಬಾಯಿ ತಾನಾಗೇ ಬಂತು" ಅಂದ.

ಕೊನೆಯ ಬೆಳಗು. ವೈಲ್ಡ್‌ಬೀಸ್ಟ್ ಅನ್ನುವ ಪ್ರಾಣಿಗಳು ಅಲ್ಲಿ ಆಗ ಕರು ಹಾಕುವ ಕಾಲ. ಅಪ್ಪ ಅವಕ್ಕೆ ಗಡ್ಡದ ದನ ಅಂತ ಹೆಸರಿಟ್ಟಿದ್ದ. ಗುಂಪೆಲ್ಲ ಮುಂದೆ ಹೋಗಿಬಿಟ್ಟಿತ್ತು. ತಪ್ಪಿಸಿಕೊಂಡ ಒಂದು ಕರು ಎಲ್ಲಿಂದಲೋ ಬಂದು ನಮ್ಮ ಜೀಪಿನ ಹಿಂದೆ ಓಡತೊಡಗಿತು. ನಿಲ್ಲಿಸಿದರೆ ಬಂದು ಟೈರನ್ನು ಮೂಸುತ್ತಿತ್ತು. ತಾಯಿ ತಪ್ಪಿದ ಕರು ದೊಡ್ಡದಾಗಿ ಓಡಾಡುವುದು ಏನು ಕಂಡರೂ ಹೀಗೇ ಹಿಂದೆ ಬರುತ್ತದೆ, ಬಿಟ್ಟು ಹೋದರೆ ಕತ್ತೆಕಿರುಬಗಳ ಪಾಲು ಅಂದ ಡ್ರೈವರು. ಮುಟ್ಟುವ ಹಾಗಿಲ್ಲ, ಕಾನೂನು.

"ಮುಟ್ಟೋದ್ಯಾಕೆ? ಮೆಲ್ಲಕೆ ಗುಂಪಿನ ತಾವಕ್ಕೆ ಗಾಡಿ ಬುಡು ಅನ್ಲಾ. ಹಿಂದ್ಲೇ ಬತ್ತದೆ. ತಾಯಿ ಕರೀತಾಳೆ, ಹೋಯ್ತದೆ" ಅಂದ ಅಪ್ಪ. ತಿರುಗಿಸಿ ಹೇಳಿದೆ. ಆಗಬಹುದು ಅಂತ ಡ್ರೈವರೂ ತಲೆಯಾಡಿಸಿದ. ಆಗಲೇ ವೈರ್‌ಲೆಸ್ ಕರಕರ ಅಂದದ್ದು. ನಾವು ದಾಟಿ ಬಂದಿದ್ದ ಬಂಡೆಯೊಂದರ ಮೇಲೆ ಗಂಡು ಸಿಂಹ ಕೂತಿದೆಯಂತೆ. ಗುಂಪು ಒಂದು ದಿಕ್ಕು, ಬಂಡೆ ಇನ್ನೊಂದು ದಿಕ್ಕು. ಯಾವ ಕಡೆ ಅಂತ ಡ್ರೈವರು ನನ್ನ ಮುಖ ನೋಡಿದ.

ಮೂರು ದಿನದ ಸಿಟ್ಟೆಲ್ಲ ನೆತ್ತಿಗೇರಿತು. "ಸಿಂಹದ ಕಡೆ. ಜೋರಾಗಿ ಹೋಗು" ಅಂದೆ.

ಕರು ಸುಮಾರು ದೂರ ಓಡಿ ಬಂತು. ಆಮೇಲೆ ಧೂಳಿನಲ್ಲಿ ಕಾಣಲಿಲ್ಲ. ಅಪ್ಪ ಹಿಂದಿನ ಕಂಬಿ ಹಿಡಿದು ನಿಂತೇ ಇದ್ದ. ಸಿಂಹ ಕೂತಿತ್ತು, ಬಿಸಿಲೂ ಚೆನ್ನಾಗಿತ್ತು, ಎರಡು ರೋಲು ತೆಗೆದೆ. ಅಪ್ಪ ಒಂದು ಸಲವೂ ಇತ್ತ ತಿರುಗಲಿಲ್ಲ. ಊರು ಮುಟ್ಟುವ ತನಕ ಕರುವಿನ ಸುದ್ದಿಯನ್ನೂ ಎತ್ತಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಆ ಸುಮ್ಮನಿರುವಿಕೆಗೇ ನನಗೆ ಮೈಯುರಿ.

ಪ್ರಿಂಟು ಹಾಕಿಸಿಕೊಂಡು ಒಂದು ಭಾನುವಾರ ಹಟ್ಟಿಗೆ ಹೋದೆ. ಜಗುಲಿ ತುಂಬ ಜನ ಕೂತಿದ್ದರು. ಯಾರೋ ಅಪ್ಪನನ್ನು ಸಿಂಹ ಹೆಂಗಿತ್ತು ಅಂತ ಕೇಳಿದರು.

"ಸಿಂಹ ಬುಡ್ರಪ್ಪ. ಗಡ್ಡದ ದನದ ಕರ ಒಂದು ತಪ್ಪಿಸ್ಕಂಡು ನಮ್ಮ ಜೀಪಿನ ಹಿಂದ್ಲೇ ಬಂತು. ಇವ್ನು ಸಿಂಹ ನೋಡೋದ್ನೂ ಬುಟ್ಟು, ಮೆಲ್ಲಕೆ ಗಾಡಿ ಹೊಡಿಸ್ಕಂಡು ಹೋಗಿ ಗುಂಪಿಗೆ ಸೇರಿಸ್ದ" ಅಂದ ಅಪ್ಪ, ನನ್ನ ಕಡೆ ನೋಡದೆ.

ಸಿಂಹದ ಫೋಟೋಗಳ ಕವರು ನನ್ನ ಕೈಯಲ್ಲಿತ್ತು. ಅಜ್ಜಿಯೊಬ್ಬಳು ನನ್ನ ಮುಂಗೈ ಹಿಡಿದುಕೊಂಡು ಕೇಳಿದಳು, "ತಾಯಿ ಮೊಲೆ ಕೊಡ್ತಾ ಮಗ?"

"ಕೊಡ್ತು ಕಣಜ್ಜಿ" ಅಂದೆ.