ಗ್ಲೇಜ್ ಎದ್ದ ಕಪ್

ಇವತ್ತು ಮೂಡಿಗೆರೆಯ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಕಪ್ಪಿನ ಅಂಚು ತುಟಿಗೆ ಒರಟಾಗಿ ತಾಗಿತು. ಅಲ್ಲಿ ಗ್ಲೇಜ್, ಮೇಲಿನ ಹೊಳಪಿನ ಪದರ, ಎದ್ದು ಒಳಗಿನ ಮಣ್ಣು ಕಾಣುತ್ತಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಎಸ್ಟೇಟ್ ಮನೆಯಲ್ಲಿ ಹೀಗೆ ಗ್ಲೇಜ್ ಎದ್ದ ಪಿಂಗಾಣಿ ಕಪ್ ಮತ್ತೆ ಒಳಗೆ ಬರುತ್ತಿರಲಿಲ್ಲ. ಆಳುಗಳಿಗೆಂದು ಹಿತ್ತಲ ಕಟ್ಟೆಯ ಮೇಲೆ ಕವುಚಿ ಇಡುತ್ತಿದ್ದರು. ಪಾತ್ರೆ ತೊಳೆಯುವ ಗಿರಿಜಕ್ಕನ ಮಗಳು ಸುಬ್ಬಿ ನನ್ನ ಜೊತೆಗಾತಿ. ನನ್ನ ನೀಲಿ ಹೂವಿನ ಕಪ್ಪಿನ ಮೇಲೆ ಅವಳಿಗೆ ಆಸೆ. ಹಾಗೇ ಕೊಡುವಂತಿಲ್ಲ. ಅದಕ್ಕೇ ಒಂದು ಮಧ್ಯಾಹ್ನ ಅವಳೆದುರೇ ಅದರ ಅಂಚನ್ನು ಒರಳಿಗೆ ಕುಟ್ಟಿ ಚಕ್ಕೆ ಎಬ್ಬಿಸಿ, ಕಟ್ಟೆಯ ಮೇಲಿಟ್ಟೆ.

ಅದು ಅಪ್ಪನ ಕಣ್ಣಿಗೆ ಬಿತ್ತು. "ಯಾರು ಒಡ್ದಿದ್ದು ಇದನ್ನ?" ಎಂದವರು ಉತ್ತರಕ್ಕೆ ಕಾಯಲಿಲ್ಲ. ಗಿರಿಜಕ್ಕನ ತುರುಬು ಹಿಡಿದೆಳೆದು ಕಾಫಿ ಗಿಡದ ಕೋಲಿನಿಂದ ಬಾರಿಸಿದರು. ಕೋಲು ಮುರಿಯಿತು. ಮುರಿದ ತುಂಡಿನಿಂದಲೂ ಹೊಡೆದರು.

"ನಾನಲ್ಲ ಅಯ್ಯಾ, ನಾನು ಮುಟ್ಲೇ ಇಲ್ಲ" ಎನ್ನುತ್ತಿದ್ದಳು ಗಿರಿಜಕ್ಕ. ಬಾಯಿಂದ ರಕ್ತ ಇಳಿಯುತ್ತಿತ್ತು. ಸುಬ್ಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.

ಮರುದಿನ ಅಮ್ಮ ಗಿರಿಜಕ್ಕನ ಕಾಫಿಯನ್ನು ಅದೇ ಕಪ್ಪಿಗೆ ಹೊಯ್ದರು. ಒಡೆದ ತುಟಿಯನ್ನು ಆ ಅಂಚಿಗಿಟ್ಟು ಅವಳು ಕುಡಿದಳು.

ಇವತ್ತು ನಾನು ಕಪ್ಪನ್ನು ಕೆಳಗಿಟ್ಟದ್ದು ಕಂಡು ಹೋಟೆಲಿನವರು ಓಡಿ ಬಂದರು. "ಬೇರೆ ಕಪ್ಪಲ್ಲಿ ತರ್ತೀನಿ, ಮೇಡಂ."

ನನಗೆ ಇವತ್ತಿಗೂ ಬೇರೆ ಕಪ್ ಸಿಗುತ್ತದೆ.